ಬಳ್ಳಾರಿಯ ಲಾರಿ ಶೆಡ್ಡಿನಲ್ಲಿ ಒಂದು ಟ್ರಯಂಫ್ ಸ್ಪಿಟ್‌ಫೈರ್

ಹೊಸಪೇಟೆ ರಸ್ತೆಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡುಗಳ ಸಾಲಿನ ಕೊನೆಗೆ, ಹೆಸರಿನ ಬೋರ್ಡು ಕೂಡ ಇಲ್ಲದ ಒಂದು ಗ್ಯಾರೇಜಿದೆ. ಸೊಂಡೂರಿನ ಅದಿರು ಲಾರಿಗಳ ಬಾಗಿದ ಚಾಸಿ ನೆಟ್ಟಗೆ ಮಾಡುವುದು, ಟಿಪ್ಪರಿನ ತೊಟ್ಟಿಗೆ ತಗಡು ಹಚ್ಚುವುದು ಅಲ್ಲಿನ ನಿತ್ಯದ ಕೆಲಸ. ಅಂಥ ಜಾಗಕ್ಕೆ ನಾನು 1968ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3 ಕಾರನ್ನು ಒಯ್ದು ಬಿಟ್ಟು, ಹದಿನಾಲ್ಕು ತಿಂಗಳ ನಂತರ ಓಡಿಸಿಕೊಂಡು ಬಂದಿದ್ದೇನೆ. ಹಳೆಯ ಕಾರು ಇಟ್ಟುಕೊಂಡ ಈ ಭಾಗದ ಕೆಲವರು ಅಲ್ಲಿಗೆ ಒಯ್ಯಬಹುದೇ ಎಂದು ಕೇಳುತ್ತಿರುವುದರಿಂದ ನನ್ನ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಕಾರಿನ ಬಗ್ಗೆ ನಾಲ್ಕು ಮಾತು. ಎರಡೇ ಸೀಟಿನ, ಮೇಲ್ಛಾವಣಿ ಮಡಚುವ ಈ ಬ್ರಿಟಿಷ್ ಗಾಡಿಯ ಆಕಾರವನ್ನು ಗೆರೆ ಎಳೆದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ನಮ್ಮ ಹಿರಿಯರು ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ನೋಡಿರುತ್ತಾರೆ; ಅದರ ಮೂಲವಾದ ಟ್ರಯಂಫ್ ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ ಸ್ಪಿಟ್‌ಫೈರ್ ಕಟ್ಟಿದರು. 1296 ಸಿಸಿ ಎಂಜಿನ್, ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್, 75 ಅಶ್ವಶಕ್ತಿ. ನಮ್ಮ ಚಿಕ್ಕಪ್ಪ ಇದನ್ನು ಮದ್ರಾಸಿನಲ್ಲಿ ಕೊಂಡು ಬಹಳ ವರ್ಷ ಅಲ್ಲೇ ಓಡಿಸಿದ್ದರು. ಹಾಗಾಗಿ ಸಮುದ್ರದ ಗಾಳಿ ತಿನ್ನಬೇಕಾದಷ್ಟು ತಿಂದಾದ ಮೇಲೆಯೇ ಇದು ಬಳ್ಳಾರಿಯ ಒಣ ಹವೆಗೆ ಬಂದದ್ದು.

ಈ ಗ್ಯಾರೇಜಿಗೆ ಹೋಗುವ ಮೊದಲು ದೊಡ್ಡ ಊರೊಂದರಲ್ಲಿ ಹಳೆಯ ಕಾರುಗಳಿಗೇ ಹೆಸರಾದ ಒಂದು ಕಡೆ ತೋರಿಸಿದ್ದೆ. ಅವರು ಬಾಗಿಲ ಕೆಳಗಿನ ಸಿಲ್ ಪಟ್ಟಿಯ ತುಕ್ಕು ಕತ್ತರಿಸಿ ಹೊಸ ತಗಡು ಬೆಸೆದು ಕೊಟ್ಟರು. ಮನೆಗೆ ಬಂದು ನೋಡಿದರೆ ಎಡಗಡೆಯ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಹೆರಾಲ್ಡ್ ಚಾಸಿಯ ಎರಡೂ ಬದಿಗೆ ಚಾಚಿಕೊಂಡಿದ್ದ ಆಸರೆಗಳನ್ನು ಸ್ಪಿಟ್‌ಫೈರಿನಲ್ಲಿ ತೆಗೆದಿದ್ದಾರೆ. ಆ ಬಲವೆಲ್ಲ ಸಿಲ್ ಪಟ್ಟಿಗಳ ಮೇಲೆ ನಿಂತಿದೆ. ಆಧಾರ ಕೊಡದೆ ಅದನ್ನು ಕೊಯ್ದರೆ ಬಾಡಿ ನಡುವಿನಲ್ಲಿ ಕುಸಿದು ಬಾಗಿಲ ಸಂದು ಮುಚ್ಚಿಹೋಗುತ್ತದೆ.

ಬಳ್ಳಾರಿಯ ಗ್ಯಾರೇಜಿನ ಮೇಸ್ತ್ರಿ ಮೊದಲ ದಿನ ಕಾರಿನ ಸುತ್ತ ಎರಡು ಸುತ್ತು ಹಾಕಿ, ಬಾಗಿಲ ಸಂದಿನಲ್ಲಿ ಬೆರಳಿಟ್ಟು ಮೇಲಿನಿಂದ ಕೆಳಗೆ ಎಳೆದರು. ಮೇಲೆ ಬೆರಳು ಹೋಗುತ್ತಿರಲಿಲ್ಲ, ಕೆಳಗೆ ಸಲೀಸಾಗಿ ಹೋಗುತ್ತಿತ್ತು. "ಕೊಯ್ಯಾಕ ಮೊದ್ಲು ಬಾಗ್ಲಾ ಕಟ್ಟಬೇಕಿತ್ರಿ ಸರ್, ಕಟ್ಟಿಲ್ಲ" ಎಂದರು. ಈ ಕಾರನ್ನು ಅವರು ಅದುವರೆಗೆ ಕಂಡವರಲ್ಲ, ಆದರೆ ಭಾರ ಹೊತ್ತ ಕಬ್ಬಿಣ ಎಲ್ಲಿ ಜಗ್ಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬಾಗಿಲು ಕಳಚಿ, ಜ್ಯಾಕಿನಿಂದ ಬಾಡಿಯನ್ನು ಕೂದಲೆಳೆಯಷ್ಟೇ ಎತ್ತಿ, ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಆಂಗಲ್ ಪಟ್ಟಿ ಬೆಸೆದು, ಆ ಮೇಲೆಯೇ ಸಿಲ್ ಬಿಚ್ಚಿದರು. ಈಗ ಎರಡೂ ಬಾಗಿಲು ಒಂದೇ ಸದ್ದಿನಲ್ಲಿ ಹಾಕಿಕೊಳ್ಳುತ್ತವೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದು.

ಎರಡನೆಯದು ಮುಂದಿನ ಚಕ್ರಗಳ ಟ್ರನಿಯನ್. ಸ್ಟೀರಿಂಗ್ ತಿರುಗಿಸಿದಾಗ ಚಕ್ರವನ್ನು ಹೊತ್ತ ಉಕ್ಕಿನ ಕಂಬವು ಕೆಳಗಿನ ಕಂಚಿನ ತುಂಡಿನೊಳಗೆ, ಅಂದರೆ ಟ್ರನಿಯನ್ನಿನೊಳಗೆ, ಮರೆಯ (ಥ್ರೆಡ್ಡಿನ) ಮೇಲೆ ತಿರುಗುತ್ತದೆ. ಅದಕ್ಕೆ ಗ್ರೀಸ್ ಹೊಡೆಯಬಾರದು, ಗೇರ್ ಆಯಿಲನ್ನೇ ತುಂಬಬೇಕು. ಗ್ರೀಸು ಗಟ್ಟಿಯಾಗಿ ಕೂತು ಮರೆ ಹಿಡಿದುಕೊಂಡರೆ, ಮುಂದೊಂದು ದಿನ ಕಂಬವೇ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ನಾನು ಕಂಪನಿಯ ಮ್ಯಾನುಯಲ್ ತೋರಿಸಿ ಹೇಳಿದಾಗ ಮೇಸ್ತ್ರಿ ನಂಬಲಿಲ್ಲ. ಗನ್ ಹಚ್ಚುವ ನಿಪ್ಪಲ್ ಇದ್ದ ಮೇಲೆ ಗ್ರೀಸೇ ಎಂಬುದು ಅವರ ವಾದ. ಬಿಚ್ಚಿದಾಗ ಒಳಗಿನಿಂದ ಹಳೆಯ ಬೆಲ್ಲದಂತೆ ಗಟ್ಟಿಯಾದ ಗ್ರೀಸು ಉದುರಿತು, ಕಂಬದ ಮರೆ ಅರ್ಧ ಸವೆದಿತ್ತು. ಅವರು ಅದನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಗ್ರೀಸ್ ಗನ್ನನ್ನು ಪಕ್ಕಕ್ಕಿಟ್ಟು, ಲಾರಿಯ ಹೌಸಿಂಗಿಗೆ ಹಾಕುವ 90 ನಂಬರ್ ಗೇರ್ ಆಯಿಲಿನ ಡಬ್ಬಿ ತರಲು ಹುಡುಗನನ್ನು ಕಳಿಸಿದರು. ಹೊಸ ಕಂಬಗಳು ಇಂಗ್ಲೆಂಡಿನಿಂದ ಬರಲು ಎರಡು ತಿಂಗಳು ಹಿಡಿಯಿತು.

ಇನ್ನು ಬದಲಾವಣೆಗಳ ವಿಷಯ. ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. ಮುಂದೆ ಆ ದಾರಿ ಹಿಡಿಯುವ ಉದ್ದೇಶ ನನಗಿದ್ದುದರಿಂದ, ಬಾಡಿಗೆ ಒಂದೇ ಒಂದು ಹೊಸ ತೂತು ಬೀಳಬಾರದು, ಏನೇ ಹೊರಗಿನಿಂದ ಜೋಡಿಸಿದರೂ ಎರಡು ಸ್ಪ್ಯಾನರಿನಲ್ಲಿ ಬಿಚ್ಚಿ ಹಳೆಯದನ್ನು ಹಾಕುವಂತಿರಬೇಕು ಎಂದು ಕೇಳಿಕೊಂಡೆ. ಅದನ್ನು ಅವರು ಅಕ್ಷರಶಃ ಪಾಲಿಸಿದ್ದಾರೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಕೂತಿದೆ, ಹೊರಗಿನಿಂದ ಕಾಣುವುದಿಲ್ಲ. ರೇಡಿಯೇಟರಿಗೆ ಹೊಸ ಕೋರ್ ಮತ್ತು ಎಲೆಕ್ಟ್ರಿಕ್ ಫ್ಯಾನ್ ಬಂದಿವೆ. ಆ ಫ್ಯಾನಿಗೆ ಬೇಕಾದ ವಿದ್ಯುತ್ತಿಗೆ ಹಳೆಯ ಲೂಕಾಸ್ ಡೈನಮೋ ಸಾಲದ್ದರಿಂದ ಅದರ ಬದಲು ಆಲ್ಟರ್ನೇಟರ್ ಹಾಕಿದ್ದಾರೆ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಡೆಯುವುದಿಲ್ಲವಾದ್ದರಿಂದ ಪೈಪುಗಳನ್ನೆಲ್ಲ ಬದಲಿಸಿದ್ದಾರೆ. ಬಿಚ್ಚಲಾಗದ ಕೆಲಸ ಒಂದೇ: ಸೀಸವಿಲ್ಲದ ಪೆಟ್ರೋಲಿಗೆ ತಾಳಲೆಂದು ಎಕ್ಸಾಸ್ಟ್ ವಾಲ್ವುಗಳ ಕೆಳಗೆ ಗಟ್ಟಿ ಸೀಟುಗಳನ್ನು ಲೇತಿನವರಿಂದ ಕೂರಿಸಿದ್ದು.

ಕಾರನ್ನು ಇನ್ನೂ ಎರಡು ಇಂಚು ತಗ್ಗಿಸಬೇಕೆಂಬ ಆಸೆ ನನಗಿತ್ತು. ನಮ್ಮ ಗಲ್ಲಿಯಿಂದ ಮೇನ್ ರೋಡಿಗೆ ಎಷ್ಟು ಹಂಪುಗಳಿವೆ ಎಂದು ಮೇಸ್ತ್ರಿ ಕೇಳಿದರು, ಏಳು ಎಂದೆ. ಮಾತು ಅಲ್ಲಿಗೆ ಮುಗಿಯಿತು.

ತಪ್ಪುಗಳೂ ಆಗಿವೆ. ಹಿಂದಿನ ಎರಡು ಚಕ್ರಗಳನ್ನು ಹೊರುವುದು ಅಡ್ಡಲಾಗಿ ಕೂತ ಒಂದೇ ಪ್ಲೇಟ್ ಸ್ಪ್ರಿಂಗ್. ಅದನ್ನು ಲಾರಿ ಪ್ಲೇಟಿನವರ ಕುಲುಮೆಗೆ ಕಳಿಸಿದಾಗ ಅವರು ತಮ್ಮ ಅಭ್ಯಾಸದಂತೆ ಹತ್ತು ಟನ್ ಹೊರುವ ಹಾಗೆ ಬಾಗಿಸಿ ಕೊಟ್ಟರು. ಕಾರು ಹಾರಲು ಸಿದ್ಧವಾದ ಮಿಡತೆಯಂತೆ ಹಿಂಭಾಗ ಎತ್ತಿಕೊಂಡು, ಚಕ್ರಗಳ ತಳಭಾಗ ಒಳಗೆ ಮಡಚಿಕೊಂಡು ನಿಂತಿತು. ನೋಟಕ್ಕೆ ನಗು ಬಂದರೂ ಇದು ನಗುವ ವಿಷಯವಲ್ಲ: ಮಾರ್ಕ್ 3ರವರೆಗಿನ ಸ್ಪಿಟ್‌ಫೈರುಗಳಲ್ಲಿ ತಿರುವಿನಲ್ಲಿ ಹಠಾತ್ತನೆ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಒಳಗೆ ಮಡಚಿ ಕಾರು ಕೈತಪ್ಪುವ ಗುಣ ಮೊದಲೇ ಇದೆ, 1970ರ ಮಾರ್ಕ್ 4ರಲ್ಲಿ ಕಂಪನಿಯೇ ಅದನ್ನು ತಿದ್ದಬೇಕಾಯಿತು. ಮೇಸ್ತ್ರಿ ತಕರಾರಿಲ್ಲದೆ ಸ್ಪ್ರಿಂಗನ್ನು ಎರಡು ಬಾರಿ ವಾಪಸ್ ಕಳಿಸಿ, ಇಬ್ಬರು ಹುಡುಗರನ್ನು ಸೀಟಿನಲ್ಲಿ ಕೂರಿಸಿ ಎತ್ತರ ಅಳೆದು ಸರಿಪಡಿಸಿದರು. ಇದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಪೇಂಟಿನ ಬಗ್ಗೆ ಅಷ್ಟು ಉದಾರವಾಗಿ ಹೇಳಲಾರೆ. ಅಲ್ಲಿ ಮುಚ್ಚಿದ ಪೇಂಟ್ ಬೂತ್ ಇಲ್ಲ. ನಾಲ್ಕು ಕಡೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಹೊಡೆಯುತ್ತಾರೆ. ಬಳ್ಳಾರಿಯ ಕೆಂಧೂಳಿಗೆ ಪ್ಲಾಸ್ಟಿಕ್ ಹಾಳೆ ಯಾವ ಲೆಕ್ಕ? ಬಾನೆಟ್ಟಿನ ಮೇಲೆ ಕೈಯಾಡಿಸಿದರೆ ರವೆ ಸಿಗುತ್ತಿತ್ತು. 2000 ನಂಬರ್ ಪೇಪರಿನಿಂದ ನೀರು ಹಾಕಿ ಉಜ್ಜಿ ಪಾಲಿಶ್ ಮಾಡಿದ ಮೇಲೆ ಅರ್ಧ ಸುಧಾರಿಸಿದೆ. ಕಾರಿನದೂ ಕೆಂಪು ಬಣ್ಣವೇ ಆದ್ದರಿಂದ ದೂರಕ್ಕೆ ತಿಳಿಯುವುದಿಲ್ಲ. ಕಬ್ಬಿಣದ ಕೆಲಸವನ್ನು ಇಲ್ಲಿ ಮುಗಿಸಿ ಪೇಂಟನ್ನು ಬೂತ್ ಇರುವ ಕಡೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಕಾಗದದ ವಿಷಯದಲ್ಲಿ ಅವರು ಇನ್ನೂ ಹಿಂದೆ. ಏಳು ತಿಂಗಳೆಂದದ್ದು ಎರಡು ಪಟ್ಟಾಯಿತು. ಅಂದಾಜು ಪಟ್ಟಿ ಇರಲಿಲ್ಲ, ಮಜೂರಿ ಲೆಕ್ಕವನ್ನು ಸಿಗರೇಟ್ ಪ್ಯಾಕಿನ ಹಿಂದೆ ಬರೆಯುತ್ತಿದ್ದರು. ಒಟ್ಟು ಮಜೂರಿ 2,40,000 ರೂಪಾಯಿ ಆಯಿತು, ಬಿಡಿಭಾಗಗಳ ಖರ್ಚು ಬೇರೆ. ಕೆಲಸ ನೋಡಿದರೆ ಹೆಚ್ಚೆನ್ನಲಾಗದು, ಆದರೆ ಮೊದಲೇ ತಿಳಿದಿದ್ದರೆ ಹಣ ಹೊಂದಿಸಿಕೊಳ್ಳುವುದು ಸುಲಭವಾಗುತ್ತಿತ್ತು.

ಮೇ ತಿಂಗಳ ಮಧ್ಯಾಹ್ನ ತೋರಣಗಲ್ಲು ದಾಟಿ ಹೊಸಪೇಟೆಯವರೆಗೆ ಓಡಿಸಿದೆ. ಉಕ್ಕಿನ ಕಾರ್ಖಾನೆಯ ಮುಂದೆ ಲಾರಿಗಳ ಸಾಲಿನಲ್ಲಿ ಅರ್ಧ ಗಂಟೆ ನಿಂತರೂ ಟೆಂಪರೇಚರ್ ಮುಳ್ಳು ನಡುಗೆರೆ ದಾಟಲಿಲ್ಲ. ಗೇರ್‌ಬಾಕ್ಸಿನ ಎರಡನೇ ಗೇರು ಮಾತ್ರ ಈಗಲೂ ಗರಗರ ಎನ್ನುತ್ತದೆ. ದೀಪಾವಳಿ ಕಳೆದ ಮೇಲೆ ತನ್ನಿ ಎಂದಿದ್ದಾರೆ. ಈ ಸಲ ಒಂದು ನೋಟ್‌ಬುಕ್ಕನ್ನು ನಾನೇ ಕೊಂಡು ಒಯ್ಯುತ್ತೇನೆ.