ಟೇಪ್ ಸುತ್ತಿದ ಟರ್ನ್‌ಬಕಲ್ ನಂಬಬೇಡಿ

ಹೊಲದಲ್ಲಿ ಸಣ್ಣ ವಿಂಡ್‌ಮಿಲ್ ಇದೆಯಾ? ಮಹಡಿ ಮೇಲೆ ಇಂಟರ್ನೆಟ್ ಕಂಬ ಇದೆಯಾ? ಹಾಗಿದ್ದರೆ ದಯವಿಟ್ಟು ಈ ವಾರವೇ ಅದರ ಸ್ಟೇ ವೈರ್‌ಗಳ, ಅಂದರೆ ಕಂಬ ಬೀಳದಂತೆ ಸುತ್ತಲೂ ಎಳೆದು ಕಟ್ಟಿದ ತಂತಿಗಳ ಬುಡ ನೋಡಿ. ತಿರುಗಿಸಿ ತಂತಿ ಬಿಗಿಯುವ ಟರ್ನ್‌ಬಕಲ್‌ಗೆ ಕಪ್ಪು ಟೇಪ್ ಸುತ್ತಿದ್ದರೆ ಆ ಟೇಪ್ ಮಾತ್ರ ಬಿಚ್ಚಿಸಿ ನೋಡಿ. ಗದಗ ಹತ್ತಿರದ ನಮ್ಮ ಹೊಲದಲ್ಲಿ ವಿಂಡ್‌ಮಿಲ್ ಕಂಬ ಬಿದ್ದಿದ್ದು ಆ ಟೇಪಿನ ಕೆಳಗಿದ್ದ ತುಕ್ಕಿನಿಂದ.

ಕಪ್ಪತಗುಡ್ಡದ ಕಡೆ ಕಾಣುವ ದೊಡ್ಡ ಫ್ಯಾನ್‌ಗಳು ತಮ್ಮ ಗೋಪುರದ ಬಲದ ಮೇಲೆ ನಿಲ್ಲುತ್ತವೆ. ನಮ್ಮದು ಬರೀ ಪೈಪ್. ಅದನ್ನು ಹಿಡಿದಿದ್ದು ನಾಲ್ಕು ದಿಕ್ಕಿನ ತಂತಿಗಳು. ಆಷಾಢದ ಗಾಳಿ ಜೋರಾದ ರಾತ್ರಿ ಪಶ್ಚಿಮದ ತಂತಿಯ ಟರ್ನ್‌ಬಕಲ್ ಮುರಿಯಿತು. ಕಂಬ ದನದ ಶೆಡ್ಡಿನ ತಗಡಿನ ಮೇಲೆ ಬಿತ್ತು. ಪುಣ್ಯಕ್ಕೆ ಎತ್ತುಗಳು ಊರೊಳಗಿದ್ದವು.

ಕೂಡಿಸಿದವರನ್ನು ಕೇಳಿದರೆ, “ಗಾಳಿ ಜಾಸ್ತಿ ಇತ್ತ್ರಿ, ನಾವೇನ್ ಮಾಡೋಣ್ರಿ” ಅಂದರು. ನಾನು ಒಪ್ಪಲಿಲ್ಲ. ಈ ಸೀಮೆಗೆ ಆ ಗಾಳಿ ಪ್ರತಿ ವರ್ಷ ಬರುತ್ತದೆ.

ಮುರಿದ ತುಂಡು ಕೈಯಲ್ಲಿ ಹಿಡಿದು ನೋಡಿದೆವು. ತಿರುಪಿನ ಸುತ್ತುಗಳೇ ಸವೆದು ಹೋಗಿದ್ದವು. ಕಬ್ಬಿಣದ ಮೇಲೆ ಇದ್ದದ್ದು ತೆಳು ಸತುವಿನ ಲೇಪ ಅಷ್ಟೇ. ಟೇಪಿನ ಮೇಲ್ಬಾಯಿಂದ ಮಳೆನೀರು ಒಳಗಿಳಿಯುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಅದಕ್ಕೆ ಗೊಬ್ಬರದ ಧೂಳು ಸೇರಿದರೆ ಸತು ಇನ್ನೂ ಬೇಗ ಹೋಗುತ್ತದೆ. ಸ್ಟೇನ್‌ಲೆಸ್ ಹಾಕಿಸಿದರೂ ಪೂರ್ತಿ ಮುಚ್ಚಬಾರದು. ಅದನ್ನು ಕಾಯುವ ತೆಳು ಪದರಕ್ಕೆ ಗಾಳಿಯ ಆಮ್ಲಜನಕ ಬೇಕು. ಹಾಯಿದೋಣಿಯ ಕಂಬ ನಿಲ್ಲುವುದೂ ಇಂಥದ್ದೇ ಸಾಮಾನಿನಿಂದ. ಅಲ್ಲಿ ತಿಳಿದವರು ಟರ್ನ್‌ಬಕಲ್ ಪಿನ್ನಿನ ಚೂಪು ತುದಿಗೆ ಹಾಯಿ ಹರಿಯದಿರಲಿ ಅಂತ ಅಷ್ಟಕ್ಕೇ ಟೇಪ್ ಹಚ್ಚುತ್ತಾರೆ, ನೀರು ಇಳಿಯಲು ಜಾಗ ಬಿಡುತ್ತಾರೆ. ತಿರುಪಿನ ಸುತ್ತುಗಳಿಗೆ ಗ್ರೀಸ್ ಸವರಿ, ತೆರೆದೇ ಇಡಿ.

ಉಳಿದ ಮೂರು ತಂತಿಗಳನ್ನೂ ನೋಡಿದಾಗ ಎದೆ ಝಲ್ ಅಂತು. ತಂತಿಯ ತುದಿ ಮಡಚಿ ಹಿಡಿದಿಡುವ ಯು ಕ್ಲಾಂಪ್‌ಗಳನ್ನು ತಿರುವುಮುರುವು ಹಾಕಿದ್ದರು. ಯು ಬೋಲ್ಟಿನ ಬಾಗು ಮಡಚಿ ತಂದ ತುದಿಯ ಮೇಲೆ ಕೂರಬೇಕು. ಭಾರ ಹೊರುವ ತಂತಿಯ ಮೇಲೆ ಕೂತರೆ ಎಳೆಗಳನ್ನು ಜಜ್ಜಿಬಿಡುತ್ತದೆ. ಒಂದೊಂದು ತುದಿಗೆ ಕನಿಷ್ಠ 3 ಕ್ಲಾಂಪ್ ಬೇಕು. ತಂತಿ ಬಿಗಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿಯಬೇಕು. ಟರ್ನ್‌ಬಕಲ್ ತಾನಾಗಿ ತಿರುಗದಂತೆ ಅದರ ನಡುವೆ ತಂತಿ ಪೋಣಿಸಿ ಎರಡೂ ತುದಿಗೆ ಕಟ್ಟಿರಬೇಕು. ಇಲ್ಲದಿದ್ದರೆ ಫ್ಯಾನಿನ ನಡುಕಕ್ಕೆ ಅದು ಸಡಿಲಾಗುತ್ತದೆ. ನಮ್ಮಲ್ಲಿ ಅದೂ ಇರಲಿಲ್ಲ.

ಎರೆ ಹೊಲದವರು ಇನ್ನೊಂದು ನೋಡಬೇಕು. ನಮ್ಮ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ತಂತಿಯ ಬುಡ ಕಟ್ಟಲು ನೆಲದಲ್ಲಿ ಹೂತ ಆಂಕರ್ ಅದರ ಜೊತೆ ಅಲುಗಾಡುತ್ತದೆ, ತಂತಿ ಸಡಿಲಾಗುತ್ತದೆ. ಸಡಿಲ ತಂತಿಗೆ ಪ್ರತಿ ಬೀಸು ಗಾಳಿಯಲ್ಲೂ ಜಗ್ಗು ಬೀಳುತ್ತದೆ. ಹಾಗಾಗಿ ಬೇಸಿಗೆ ಕೊನೆಗೊಮ್ಮೆ, ಮೊದಲ ಮಳೆಗಳಾದ ಮೇಲೊಮ್ಮೆ ಬಿಗಿ ನೋಡಿ. ಆಂಕರ್ ರಾಡು ನೆಲ ಸೇರುವಲ್ಲಿ ಒಂದು ಗೇಣು ಅಗೆದೂ ನೋಡಿ. ಜಾಸ್ತಿ ತುಕ್ಕು ಹಿಡಿಯುವುದು ಅಲ್ಲೇ.

ಕೂಡಿಸುವವರಿಗೆ ಕೊನೆಯ ಕಂತು ಕೊಡುವ ಮುಂಚೆ ಇಷ್ಟನ್ನೂ ತೋರಿಸಲು ಹೇಳಿ. ಈಗಾಗಲೇ ತುಕ್ಕು ಕಂಡಿದ್ದರೆ ಗಾಳಿ ಇರುವಾಗ ಬಿಚ್ಚಬೇಡಿ, ಕಂಬವನ್ನೂ ಹತ್ತಬೇಡಿ. ಗಾಳಿ ನಿಂತ ಬೆಳಗ್ಗೆ ಪಕ್ಕದಲ್ಲೇ ಇನ್ನೊಂದು ಗಟ್ಟಿ ತಂತಿ ಬಿಗಿದ ಮೇಲೆಯೇ ಹಳೆಯದನ್ನು ತೆಗೆಸಿ.