ಎರೆ ಮಣ್ಣಿನ ರಸ್ತೆಗೆ ಯಾವ ಬುಷ್? ಪೋಲೋ ಜಿಟಿಗೆ ಮೂರನ್ನೂ ಹಾಕಿ ನೋಡಿದೆ

ಮೆಕ್ಯಾನಿಕ್ ಉಸ್ತಾದ್ ಟೈರ್ ಲಿವರ್ ಹಾಕಿ ಲೋವರ್ ಆರ್ಮ್ (ಮುಂದಿನ ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳಗಿನ ತೋಳು) ಒತ್ತಿದರು. ಆ ತೋಳು ಗಾಡಿಗೆ ಸೇರುವಲ್ಲಿ ಕೂರುವ ಹಿಂಬದಿಯ ಬುಷ್‌ನ ರಬ್ಬರ್ ಬಾಯಿ ಬಿಟ್ಟಿತು. ಟಾರ್ಚ್ ಹಿಡಿದು ನೋಡಿದೆ. ಒಳಗಿನ ಕಬ್ಬಿಣದ ಕೊಳವೆಯಿಂದ ರಬ್ಬರ್ ಅರ್ಧ ಸುತ್ತು ಕಿತ್ತು ಬಂದಿತ್ತು. ಸೀಳಿನೊಳಗೆ ಎರೆ ಮಣ್ಣು ಹೊಕ್ಕು ಕಲ್ಲಿನಂತೆ ಕೂತಿತ್ತು. "ಖಲಾಸ್ ಆಗ್ಯಾದ್ರಿ ಸರ್, ಉಗುರು ಹೋಗ್ಲತ್ತದ ನೋಡ್ರಿ" ಅಂದರು.

ಗಾಡಿ 2014ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ, 105 ಪಿಎಸ್, 175 ಎನ್‌ಎಂ ಟಾರ್ಕ್, ಏಳು ಗೇರಿನ ಡಿಎಸ್‌ಜಿ (ಆಟೊಮ್ಯಾಟಿಕ್ ಗೇರ್‌ಬಾಕ್ಸ್). ಆಗ 78 ಸಾವಿರ ಕಿ.ಮೀ. ಓಡಿತ್ತು. ಜೋರಾಗಿ ಬ್ರೇಕ್ ಹಿಡಿದರೆ ಮೂತಿ ಅತ್ತಿತ್ತ ಹೊರಳುತ್ತಿತ್ತು. ಸ್ಪೀಡ್ ಬ್ರೇಕರ್ ಇಳಿದಾಗ 'ಟಕ್' ಅನ್ನುತ್ತಿತ್ತು. ಸ್ಟೀರಿಂಗ್ ನೆಟ್ಟಗಿದ್ದಾಗ ಚಕ್ರ ಎತ್ತ ನೋಡುತ್ತಿದೆ ಅಂತ ಕೈಗೆ ತಿಳಿಯುತ್ತಿರಲಿಲ್ಲ.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಪಾಲಿಯುರೇಥೇನ್ (ರಬ್ಬರ್‌ಗಿಂತ ಗಟ್ಟಿಯಾದ ಪ್ಲಾಸ್ಟಿಕ್, ಚಿಕ್ಕದಾಗಿ ಪಾಲಿ) ಬುಷ್ ಹಾಕಿಸು, ಗಾಡಿ ಬೇರೆಯೇ ಆಗುತ್ತೆ. ನನಗೆ ಅಲ್ಲೇ ಅನುಮಾನ ಬಂತು. ಹರಿದ ಬುಷ್ ಕಿತ್ತು ಹೊಸ ಪಾಲಿ ಹಾಕಿದರೆ ಫರಕ್ ಕಾಣದೆ ಇರುತ್ತಾ? ಆ ಫರಕ್‌ನಲ್ಲಿ ಪಾಲಿಯದೆಷ್ಟು, ಬರೀ ಹೊಸದು ಅನ್ನೋದರದ್ದೆಷ್ಟು? ಅದಕ್ಕೇ ಮೊದಲು ಹೊಸ ಕಂಪನಿ ರಬ್ಬರ್, ಆಮೇಲೆ ಗಟ್ಟಿ ರಬ್ಬರ್, ಕೊನೆಗೆ ಪಾಲಿ ಹಾಕುವುದೆಂದು ತೀರ್ಮಾನಿಸಿದೆ. ಹಳೇ ಆರ್ಮ್ ಒಂದು ಜೋಡಿ ಹುಡುಕಿ ತಂದಿಟ್ಟುಕೊಂಡೆ. ಬುಷ್ ಪ್ರೆಸ್ ಮಾಡಿಸಿ ಸಿದ್ಧ ಇಟ್ಟುಕೊಂಡರೆ ಸಾಕು, ಬರೀ ಆರ್ಮ್ ಬದಲಿಸಬಹುದು. ಟೈರ್ ಅದೇ 185/60 ಆರ್15, ಗಾಳಿ 32 ಪಿಎಸ್‌ಐ. ಪ್ರತಿ ಸಲ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದೆ. ದಾರಿಯೂ ಒಂದೇ: ಕಲಬುರಗಿಯ ರಿಂಗ್ ರೋಡ್ ಹಿಡಿದು ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದವರೆಗೆ, ವಾಪಸ್ ಬರುವಾಗ ಹಳ್ಳಿಗಳ ಒಳರಸ್ತೆ.

ನಮ್ಮ ಕಡೆ ಒಳರಸ್ತೆ ಅಂದರೆ ಏನು ಅಂತ ಕಲಬುರಗಿಯವರಿಗೆ ಹೇಳಬೇಕಿಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ. ಮೇಲಿನ ಡಾಂಬರು ಅದರ ಜೊತೆ ಏರಿಳಿದು ಅಲೆ ಅಲೆಯಾಗುತ್ತೆ. ಗುಂಡಿ ಮುಚ್ಚಬಹುದು, ಈ ಅಲೆ ಹೋಗಲ್ಲ. ಸಸ್ಪೆನ್ಷನ್‌ಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ.

ಮೊದಲು ಕಂಪನಿ ರಬ್ಬರ್. ಆರ್ಮ್‌ನ ಈ ಹಿಂಬದಿಯ ಬುಷ್ ಕೈಯಲ್ಲಿ ಹಿಡಿದು ನೋಡಿದರೆ ರಬ್ಬರ್‌ನಲ್ಲಿ ಬೇಕೆಂದೇ ಬಿಟ್ಟ ಕಿಂಡಿಗಳು ಕಾಣುತ್ತವೆ. ಚಕ್ರ ಗುಂಡಿಗೆ ಬಡಿದಾಗ ಆರ್ಮ್ ಕೂದಲೆಳೆಯಷ್ಟು ಹಿಂದೆ ಸರಿದು ಪೆಟ್ಟು ನುಂಗಲಿ ಅಂತ ಆ ಜಾಗ. ಆದರೆ ಬ್ರೇಕ್ ಹಿಡಿದಾಗಲೂ ಅದು ಹಿಂದೆ ಸರಿಯುತ್ತೆ, ಚಕ್ರದ ಟೋ (ಚಕ್ರ ಒಳಗೋ ಹೊರಗೋ ಮುಖ ಮಾಡಿರುವ ಕೋನ) ಬದಲಾಗುತ್ತೆ. ಮೂತಿ ಹೊರಳೋದು ಅದಕ್ಕೇ. ಹೊಸ ರಬ್ಬರ್ ಹಾಕಿ ಐದು ಸಾವಿರ ಕಿ.ಮೀ. ಓಡಿಸಿದೆ. ಟಕ್ ಶಬ್ದ ಪೂರ್ತಿ ನಿಂತಿತು. ಬ್ರೇಕ್‌ನಲ್ಲಿ ಹೊರಳುವುದು ಮುಕ್ಕಾಲು ಪಾಲು ಕಡಿಮೆಯಾಯಿತು. ಪಾಲಿಯ ಗುಣಗಾನದಲ್ಲಿ ಕೇಳಿದ್ದ ಅರ್ಧ ಮಾತು ಬರೀ ಹೊಸ ರಬ್ಬರ್‌ಗೇ ಸಿಕ್ಕಿತು. ಹಣ ಕಡಿಮೆ ಇದ್ದರೆ ಇಲ್ಲೇ ನಿಲ್ಲಿ, ಏನೂ ಕಳೆದುಕೊಳ್ಳಲ್ಲ.

ಎರಡನೇದು ಕಿಂಡಿ ಇಲ್ಲದ ಗಟ್ಟಿ ರಬ್ಬರ್. ಅಳತೆ ಅದೇ, ಒಳಗೆ ಪೂರ್ತಿ ತುಂಬಿದ ರಬ್ಬರ್. ಹತ್ತಿರತ್ತಿರ ಒಂದು ವರ್ಷ ಓಡಿಸಿದೆ. ಮಹಾಗಾಂವ್ ದಾಟಿದ ಮೇಲೆ ಒಂದು ಬೆಳಿಗ್ಗೆ ತೊಗರಿ ಕಟ್ಟಿಗೆಯನ್ನು ರಸ್ತೆ ತುಂಬ ಹರಡಿದ್ದರು. ಸುಗ್ಗಿ ಕಾಲ, ಗಾಡಿ ತುಳಿದರೆ ರಾಶಿ ಸಲೀಸು. ತಿರುವು ದಾಟಿದ ಕೂಡಲೇ ಕಂಡಿತು, ಬ್ರೇಕ್ ತುಳಿದೆ. ಗಾಡಿ ಗೆರೆ ಎಳೆದಂತೆ ನೆಟ್ಟಗೆ ನಿಂತಿತು. ಹಳೇ ಬುಷ್ ಇದ್ದಿದ್ದರೆ ಸ್ಟೀರಿಂಗ್ ಎರಡು ಸಲ ತಿದ್ದಬೇಕಾಗುತ್ತಿತ್ತು. ಗುಂಡಿಯ ಪೆಟ್ಟು ಮೊದಲಿಗಿಂತ ತುಸು ಜಾಸ್ತಿ ಕೇಳುತ್ತೆ, ನಿಜ. ಆದರೆ ಅದು ಮಂದವಾದ 'ದಬ್', ಕಿವಿಗೆ ಚುಚ್ಚಲ್ಲ. ಮನೆಯವರು ಯಾರೂ ಬದಲಾವಣೆ ಗಮನಿಸಲೇ ಇಲ್ಲ.

ಮೂರನೇದು ಪಾಲಿ. ಇದರ ಬಗ್ಗೆ ಜಾಸ್ತಿ ಹೇಳಬೇಕು. ರಬ್ಬರ್ ಬುಷ್ ಸಾಮಾನ್ಯವಾಗಿ ಶೋರ್ ಎ ಅನ್ನೋ ಗಡಸುತನದ ಅಳತೆಯಲ್ಲಿ 50ರಿಂದ 70ರೊಳಗೆ ಇರುತ್ತೆ. ನಾನು ತರಿಸಿದ ಪಾಲಿ 80. ರೇಸ್‌ಗೆ 95ರದ್ದೂ ಸಿಗುತ್ತೆ. ಬೆಲೆ ಕಂಪನಿ ರಬ್ಬರ್‌ನ ನಾಲ್ಕು ಪಟ್ಟು ಬಿತ್ತು. ಸ್ಟೀರಿಂಗ್ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ, ಮನಸಾರೆ ಹೇಳುತ್ತೇನೆ. ಕೈ ಬೆರಳಷ್ಟು ತಿರುಗಿಸಿದರೆ ಮೂತಿ ಬೆರಳಷ್ಟೇ ತಿರುಗುತ್ತೆ, ಕಾಯಿಸಲ್ಲ. ಕಮಲಾಪುರದ ಹತ್ತಿರದ ತಿರುವುಗಳಲ್ಲಿ ಮೊದಲ ದಿನ ಸುಮ್ನೆ ಮೂರು ಸಲ ಹೋಗಿ ಬಂದೆ, ಅಷ್ಟು ಖುಷಿ.

ಆ ಖುಷಿಗೆ ಕೊಡಬೇಕಾದ ಬೆಲೆ ಊರೊಳಗೆ ಗೊತ್ತಾಯಿತು. ಕಾಂಕ್ರೀಟ್ ರಸ್ತೆಯ ಜೋಡಣೆ ಒಂದೊಂದೂ ಸೀಟಿನ ಕೆಳಗೆ ಎಣಿಸಿದಂತೆ ಬಡಿಯುತ್ತೆ. ಅವ್ವನನ್ನು ಶರಣಬಸವೇಶ್ವರ ಗುಡಿಗೆ ಕರೆದುಕೊಂಡು ಹೊರಟಿದ್ದೆ. ಜಗತ್ ಸರ್ಕಲ್ ದಾಟೋದರೊಳಗೆ "ಟಾಂಗಾದಾಗ ಕುಂತಂಗ ಆಗ್ಲತ್ತದಲ್ಲೋ" ಅಂದಳು. ಅವಳ ಸೊಂಟ ನೋವು ನನಗೆ ಗೊತ್ತು. ಆ ಮಾತು ನನಗೆ ಯಾವ ಮೀಟರ್‌ಗಿಂತ ಮುಖ್ಯ.

ಇನ್ನೊಂದು ತೊಂದರೆ ಧೂಳು. ರಬ್ಬರ್ ಬುಷ್‌ನಲ್ಲಿ ಆರ್ಮ್ ಆಡುವಾಗ ರಬ್ಬರೇ ತಿರುಚಿಕೊಳ್ಳುತ್ತೆ, ಎಲ್ಲೂ ಉಜ್ಜಲ್ಲ. ಪಾಲಿಯಲ್ಲಿ ಉಕ್ಕಿನ ಕೊಳವೆ ಪಾಲಿಯೊಳಗೆ ಉಜ್ಜಿಕೊಂಡು ತಿರುಗುತ್ತೆ, ನಡುವೆ ಗ್ರೀಸ್ ಇರಲೇಬೇಕು. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಪ್ರತಿ ಹಂಪ್‌ಗೂ ಕಿರ್ ಕಿರ್ ಶುರುವಾಯಿತು. ಬಿಚ್ಚಿಸಿದೆ. ಹಾಕಿದ್ದು ಬಿಳಿ ಗ್ರೀಸ್, ಹೊರಬಂದದ್ದು ಬೂದು ಬಣ್ಣದ ಅಂಟು. ಬೆರಳಲ್ಲಿ ಉಜ್ಜಿದರೆ ಸಣ್ಣ ಮರಳು ಸಿಗುತ್ತಿತ್ತು. ಕೊಳವೆಯ ಮೇಲೆ ಸುತ್ತಲೂ ಗೀರು, ಉಗುರಿಗೆ ತಡೆಯುವಷ್ಟು ಆಳ. ಶಹಾಬಾದ್ ಕಲ್ಲಿನ ಪುಡಿ, ಸೇಡಂ ಕಡೆಯ ಸಿಮೆಂಟ್ ಲಾರಿಗಳ ಧೂಳು, ಮೇಲೆ ಎರೆ ಮಣ್ಣು. ಇಷ್ಟರ ನಡುವೆ ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಸಿಲಿಕೋನ್ ಗ್ರೀಸ್ ಹಚ್ಚಲು ತಯಾರಿದ್ದರೆ ಮಾತ್ರ ಪಾಲಿ ತಗೊಳ್ಳಿ. ಬಿಸಿಲಿಗೆ ಅದು ಹೆದರಲಿಲ್ಲ. ಮೇನಲ್ಲಿ 43-44 ಡಿಗ್ರಿ ಏರಿದಾಗಲೂ ಮೆತ್ತಗಾಗಲಿಲ್ಲ, ಬಿರುಕೂ ಬಿಡಲಿಲ್ಲ.

ರೇಸ್ ಗಾಡಿಗೆ ಬುಷ್ ಬದಲು ಹಾಕುವ ಲೋಹದ ಗೋಲಿ ಬೇರಿಂಗ್ ಗೆಳೆಯನ ಕಾರಿನಲ್ಲಿದೆ. ಅವನು ಕೊಯಮತ್ತೂರಿನ ಕರಿ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ಗೆ ಹೋಗುವವನು. ಅದರಲ್ಲಿ ಒಂದು ಸುತ್ತು ಕೂತು ಬಂದೆ. ನಮ್ಮ ರಸ್ತೆಗೆ ಬೇಡವೇ ಬೇಡ.

ಈಗ ನನ್ನ ಗಾಡಿಯಲ್ಲಿರುವುದು ಎರಡನೇದು, ಕಿಂಡಿ ಇಲ್ಲದ ರಬ್ಬರ್. ಪಾಲಿಯ ಚುರುಕು ದಿನಾ ನೆನಪಾಗುತ್ತೆ. ಆದರೆ ನಾನು ತಿಂಗಳಿಗೆ ಎರಡು ಬೆಳಿಗ್ಗೆ ಕಮಲಾಪುರಕ್ಕೆ ಹೋಗುವವನು, ಉಳಿದ ದಿನ ಊರೊಳಗೆ ಓಡಾಡುವವನು. ವಾರವಾರ ಜೋರಾಗಿ ಓಡಿಸುವವರು, ಒಬ್ಬರೇ ಕೂರುವವರು ಪಾಲಿಗೇ ಹೋಗಲಿ.

ಯಾವುದೇ ರಬ್ಬರ್ ಬುಷ್ ಹಾಕಿಸಿದರೂ ಒಂದು ಕೆಲಸ ಎದುರಿಗೆ ನಿಂತು ಮಾಡಿಸಿ. ಹಿಂದೊಮ್ಮೆ ನಾನು ಬೇರೆ ಊರಿನ ಒಂದು ಗ್ಯಾರೇಜ್‌ನಲ್ಲಿ ಹಾಕಿಸಿದ ಜೋಡಿ ಮೂರೇ ತಿಂಗಳಿಗೆ ಹರಿಯಿತು. ಅವರು ಚಕ್ರ ನೇತಾಡುವಾಗಲೇ ಬೋಲ್ಟ್ ಬಿಗಿದಿದ್ದರು. ಹಾಗೆ ಬಿಗಿದರೆ ಗಾಡಿ ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡೇ ಕೂರುತ್ತೆ, ಹಗಲು ರಾತ್ರಿ. ನಮ್ಮ ಉಸ್ತಾದ್ ಬೋಲ್ಟ್ ಸಡಿಲವಾಗಿ ಹಾಕಿ, ಚಕ್ರದ ಕೆಳಗೆ ಮರದ ಹಲಗೆ ಇಟ್ಟು ಗಾಡಿ ಇಳಿಸುತ್ತಾರೆ. ಬಾನೆಟ್ ಮೇಲೆ ಎರಡೂ ಕೈ ಊರಿ ನಾಲ್ಕು ಸಲ ಅದುಮಿ ಕುಣಿಸುತ್ತಾರೆ. ಆಮೇಲೆ ಕೆಳಗೆ ಮಲಗಿ, ಹೊಸ ಬೋಲ್ಟ್‌ಗೆ ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಹಾಕುತ್ತಾರೆ.