ಥಂಡರ್‌ಬರ್ಡ್‌ನ ಜಂಕ್ ಫಿಲ್ಟರ್: ಆಡಿಟರ್ ಆಫೀಸಿನಲ್ಲಿ ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿರುವ, ಕಸದ ಮೇಲ್‌ಗಳನ್ನು ಬೇರ್ಪಡಿಸುವ ಜಂಕ್ ಫಿಲ್ಟರ್ ಒಳ್ಳೆಯದೇ ಎಂದು ಯಾರಾದರೂ ಕೇಳಿದರೆ, ಅದಕ್ಕೆ ಒಳ್ಳೆಯ ಮೇಲ್ ಯಾವುದು ಎಂದು ಹೇಳಿಕೊಡುವಷ್ಟು ವ್ಯವಧಾನ ನಿಮಗಿದೆಯೇ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಕಸ ಯಾವುದು ಎಂದು ತೋರಿಸುವುದಕ್ಕೆ ಎಲ್ಲರಿಗೂ ಉತ್ಸಾಹವಿರುತ್ತದೆ. ಕಸವಲ್ಲದ್ದನ್ನು ತೋರಿಸುವ ಕೆಲಸವನ್ನು ಬಹುಪಾಲು ಬಳಕೆದಾರರು ಒಮ್ಮೆಯೂ ಮಾಡಿರುವುದಿಲ್ಲ, ಕೆಲವು ತಿಂಗಳ ನಂತರ ಫಿಲ್ಟರ್ ದಡ್ಡ ಎಂದು ಬೈದು ಅದನ್ನು ಬಂದ್ ಮಾಡುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ತೆರಿಗೆ ಸಲಹೆಗಾರನಾಗಿ ಕಚೇರಿ ನಡೆಸುತ್ತಿರುವ ನಾನು ಇದನ್ನು ಹಲವು ವರ್ಷಗಳಿಂದ ದಿನವೂ ಬಳಸುತ್ತಿರುವುದರಿಂದ, ಅದರ ಗುಣವನ್ನೂ ಕೊರತೆಯನ್ನೂ ಸ್ವಲ್ಪ ವಿವರವಾಗಿ ಬರೆಯಬಹುದು ಅನ್ನಿಸಿತು.

ನಮ್ಮಂಥ ಕಚೇರಿಗೆ ಸ್ಪ್ಯಾಮ್ ಫಿಲ್ಟರ್ ಹೊಂದಿಸುವುದು ಬೇರೆಯವರಿಗಿಂತ ಕಷ್ಟ. ಆದಾಯ ತೆರಿಗೆ ಇಲಾಖೆಯಿಂದ ಬರುವ ನಿಜವಾದ ಮೇಲ್‌ನಲ್ಲಿ ರೀಫಂಡ್, ನೋಟಿಸ್, ಪಾನ್, ಇ-ವೆರಿಫೈ, ಕೊನೆಯ ದಿನಾಂಕ ಎಂಬ ಮಾತುಗಳೇ ಇರುತ್ತವೆ. ವಂಚಕರು ಕಳಿಸುವ ಮೇಲ್‌ನಲ್ಲೂ ಅವೇ ಇರುತ್ತವೆ. 143(1)ನೇ ಕಲಂ ಅಡಿಯ ಇಂಟಿಮೇಶನ್, ಅಂದರೆ ರಿಟರ್ನ್ ಪರಿಶೀಲಿಸಿದ ಮೇಲೆ ಇಲಾಖೆ ಕಳಿಸುವ ಸೂಚನಾಪತ್ರ, ಪಾಸ್‌ವರ್ಡ್ ಹಾಕಿದ ಪಿಡಿಎಫ್ ಆಗಿ ಬರುತ್ತದೆ, ತೆರೆಯಲು ಪಾನ್ ಸಂಖ್ಯೆಯನ್ನು ಸಣ್ಣಕ್ಷರದಲ್ಲಿ ಬರೆದು ಅದರ ಮುಂದೆ ಹುಟ್ಟಿದ ದಿನಾಂಕವನ್ನು ಹಾಕಬೇಕು. ಪಾಸ್‌ವರ್ಡ್ ಇರುವ ಲಗತ್ತು, ಅದನ್ನು ತೆರೆಯುವ ವಿಧಾನದ ವಿವರಣೆ, ಉತ್ತರ ಬರೆಯಲಾಗದ ವಿಳಾಸ: ಗುರುತಿಲ್ಲದವರ ಕಣ್ಣಿಗೆ ಇವೆಲ್ಲ ವಂಚನೆಯ ಲಕ್ಷಣಗಳೇ. ಇನ್ನೊಂದು ಕಡೆ ನಮ್ಮ ಕಕ್ಷಿದಾರರಿದ್ದಾರೆ. ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳು, ದ್ರಾಕ್ಷಿ ತೋಟದವರು, ಹೂವಿನ ವ್ಯಾಪಾರಿಗಳು ತಮ್ಮ ಬ್ಯಾಂಕ್ ಸ್ಟೇಟ್‌ಮೆಂಟನ್ನು ಸ್ವಂತ ವಿಳಾಸದಿಂದ ಕಳಿಸುವುದು ಅಪರೂಪ. ಬಸ್ ನಿಲ್ದಾಣದ ಬಳಿಯ ಝೆರಾಕ್ಸ್ ಅಂಗಡಿಗೋ ಸೈಬರ್ ಸೆಂಟರಿಗೋ ಹೋಗಿ, ಅಂಗಡಿಯವನ ಐಡಿಯಿಂದಲೇ ಕಳಿಸಿಬಿಡುತ್ತಾರೆ. ವಿಷಯದ ಸಾಲು ಖಾಲಿ, ಒಳಗೆ ಒಂದಕ್ಷರವಿಲ್ಲ, ‘ಸ್ಕ್ಯಾನ್ 0003’ ಎಂಬ ಹೆಸರಿನ ಒಂದು ಪಿಡಿಎಫ್ ಮಾತ್ರ. ಯಾರದೆಂದು ತಿಳಿಯಲು ನಾವೇ ಅದನ್ನು ತೆರೆದು ಖಾತೆದಾರರ ಹೆಸರು ನೋಡಬೇಕು. ಇಂಥ ಮೇಲ್ ಒಳ್ಳೆಯದೆಂದು ಯಾವ ಯಂತ್ರ ತಾನೇ ತಾನಾಗಿ ಊಹಿಸೀತು?

ಥಂಡರ್‌ಬರ್ಡ್‌ನ ಫಿಲ್ಟರ್ ಕೆಲಸ ಮಾಡುವ ಬಗೆ ತಿಳಿದರೆ ಉಳಿದ ಹೊಂದಾಣಿಕೆಗಳು ತಾವಾಗಿ ಅರ್ಥವಾಗುತ್ತವೆ. ಇದರೊಳಗೆ ನಿಷೇಧಿತ ಪದಗಳ ಪಟ್ಟಿಯೇನೂ ಇಲ್ಲ. ನೀವು ಜಂಕ್ ಎಂದು ಗುರುತಿಸಿದ ಮೇಲ್‌ಗಳಲ್ಲಿ ಒಂದು ಪದ ಎಷ್ಟು ಸಲ ಬಂದಿದೆ, ಜಂಕ್ ಅಲ್ಲ ಎಂದು ಗುರುತಿಸಿದವುಗಳಲ್ಲಿ ಎಷ್ಟು ಸಲ ಬಂದಿದೆ ಎಂಬ ಲೆಕ್ಕವನ್ನು ಅದು ಇಟ್ಟುಕೊಳ್ಳುತ್ತದೆ, ಹೊಸ ಮೇಲ್ ಬಂದಾಗ ಅದರಲ್ಲಿರುವ ಪದಗಳ ಲೆಕ್ಕಗಳನ್ನೆಲ್ಲ ಸೇರಿಸಿ ನೂರಕ್ಕೆ ಇಷ್ಟು ಎಂದು ಅಂಕ ಹಾಕುತ್ತದೆ. ಅಂಕ 90 ಮುಟ್ಟಿದರೆ ಅದು ಜಂಕ್. ಇದರ ಹಿಂದಿರುವ ಗಣಿತ 18ನೇ ಶತಮಾನದ ಇಂಗ್ಲೆಂಡಿನ ಥಾಮಸ್ ಬೇಯ್ಸ್ ಎಂಬ ಪಾದ್ರಿಯದು. ಆತ ತೀರಿಕೊಂಡ ನಂತರ, 1763ರಲ್ಲಿ, ಆ ಪ್ರಬಂಧ ಪ್ರಕಟವಾಯಿತು. ಎರಡು ಕಡೆಯ ಎಣಿಕೆಯೂ ಇದ್ದಾಗ ಮಾತ್ರ ಈ ಲೆಕ್ಕಕ್ಕೆ ಅರ್ಥ. ಬರೀ ಜಂಕನ್ನೇ ತೋರಿಸುತ್ತ ಹೋದರೆ ‘ರೀಫಂಡ್’ ಎಂಬ ಪದ ಒಂದೇ ಕಡೆ ಜಮೆಯಾಗುತ್ತ ಹೋಗುತ್ತದೆ. ಖರ್ಚಿನ ಕಡೆ ಮಾತ್ರ ಬರೆದ ಕ್ಯಾಶ್ ಬುಕ್ಕಿನ ಹಾಗೆ, ಬಾಕಿ ಎಷ್ಟೆಂದು ಅದರಿಂದ ಯಾರಿಗೂ ತಿಳಿಯದು.

ಥಂಡರ್‌ಬರ್ಡ್‌ನ ವಿನ್ಯಾಸದ ದೊಡ್ಡ ಕೊರತೆಯೂ ಇಲ್ಲೇ ಇದೆ. ಇನ್‌ಬಾಕ್ಸ್‌ನಲ್ಲಿ ಒಂದು ಮೇಲ್ ತೆರೆದರೆ ‘ಜಂಕ್’ ಎಂಬ ಗುಂಡಿ ಕಣ್ಣೆದುರಿಗೇ ಇರುತ್ತದೆ. ‘ಜಂಕ್ ಅಲ್ಲ’ ಎನ್ನಲು ಗುಂಡಿ ಕಾಣುವುದು ಅದು ಈಗಾಗಲೇ ಜಂಕ್ ಎಂದು ಗುರುತಾಗಿದ್ದಾಗ ಮಾತ್ರ. ಇನ್‌ಬಾಕ್ಸ್‌ನಲ್ಲಿ ಸುಮ್ಮನೆ ಉಳಿದ ಮೇಲ್ ಒಳ್ಳೆಯದೆಂದು ತಂತ್ರಾಂಶ ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಾವೇ ಹೇಳಬೇಕು. ಹೇಳುವ ಸುಲಭ ದಾರಿ ಕೀಬೋರ್ಡಿನಲ್ಲಿದೆ: ಮೇಲ್ ಆಯ್ದುಕೊಂಡು ‘ಜೆ’ ಒತ್ತಿದರೆ ಜಂಕ್, ‘ಶಿಫ್ಟ್’ ಹಿಡಿದು ‘ಜೆ’ ಒತ್ತಿದರೆ ಜಂಕ್ ಅಲ್ಲ. ಹಳೆಯ ಮೇಲ್‌ಗಳನ್ನು ಒಟ್ಟಿಗೆ ಆಯ್ದು ಒಂದೇ ಸಲಕ್ಕೆ ಹೀಗೆ ಗುರುತು ಹಾಕಬಹುದು. ನಾವು ಮೊದಲಿಗೆ ಇಲಾಖೆಯ ಹಳೆಯ ಇಂಟಿಮೇಶನ್‌ಗಳು, ಜಿಎಸ್‌ಟಿ ಪೋರ್ಟಲ್‌ನ ಸೂಚನೆಗಳು, ಬ್ಯಾಂಕಿನ ಸ್ಟೇಟ್‌ಮೆಂಟ್‌ಗಳು, ಝೆರಾಕ್ಸ್ ಅಂಗಡಿಗಳಿಂದ ಬಂದ ಸ್ಕ್ಯಾನ್‌ಗಳು, ಎಲ್ಲವನ್ನೂ ವರ್ಗ ವರ್ಗವಾಗಿ ಆಯ್ದು ಒಳ್ಳೆಯವೆಂದು ಗುರುತಿಸಿದೆವು. ಇದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಅಲ್ಲಿಂದ ಮುಂದೆ ಫಿಲ್ಟರ್‌ನ ನಡವಳಿಕೆಯೇ ಬದಲಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಕನ್ನಡದಲ್ಲಿ ಬರೆದ ಮೇಲ್‌ಗಳು ಈಗ ತಪ್ಪಿ ಜಂಕ್‌ಗೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ನಮಗೆ ಬರುವ ಸ್ಪ್ಯಾಮ್ ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷಿನಲ್ಲಿರುವುದರಿಂದ ‘ನಮಸ್ಕಾರ ಸಾರ್’ ಎಂಬ ಎರಡು ಪದಗಳೇ ಒಳ್ಳೆಯ ಮೇಲ್‌ಗೆ ಸಾಕ್ಷಿಯಾಗಿ ನಿಲ್ಲುತ್ತವೆ. ಸಾಲ ಮಂಜೂರಾಗಿದೆ ಎಂದು ಮುರುಕು ಕನ್ನಡದಲ್ಲಿ ಬರೆಯುವವರು ಈಚೆಗೆ ಅಲ್ಲೊಬ್ಬ ಇಲ್ಲೊಬ್ಬ ಕಾಣಿಸಿಕೊಂಡಿದ್ದಾರೆ, ಅದರಿಂದ ಈ ಅನುಕೂಲ ಎಷ್ಟು ಕಾಲ ಉಳಿದೀತೋ ನೋಡಬೇಕು.

ಇನ್ನು ಅಕೌಂಟ್ ಸೆಟ್ಟಿಂಗ್ಸ್‌ನ ಒಳಗಿರುವ ಜಂಕ್ ಸೆಟ್ಟಿಂಗ್ಸ್ ಪುಟ. ಮೇಲಿನ ಚೌಕಕ್ಕೆ ಗುರುತು ಹಾಕಿದರೆ ಫಿಲ್ಟರ್ ಆ ಖಾತೆಗೆ ಜಾರಿಯಾಗುತ್ತದೆ. ಅದರ ಕೆಳಗೆ, ಯಾವ ವಿಳಾಸ ಪುಸ್ತಕದಲ್ಲಿರುವವರ ಮೇಲ್‌ಗಳನ್ನು ಜಂಕ್ ಎಂದು ಗುರುತಿಸಬಾರದು ಎಂದು ಕೇಳುತ್ತದೆ. ವೈಯಕ್ತಿಕ ವಿಳಾಸ ಪುಸ್ತಕಕ್ಕೆ ಗುರುತು ಹಾಕುವುದು ಸರಿ. ‘ಕಲೆಕ್ಟೆಡ್ ಅಡ್ರೆಸಸ್’ ಎಂಬುದಕ್ಕೆ ಮಾತ್ರ ಹಾಕಬೇಡಿ ಎಂಬುದು ನನ್ನ ಸಲಹೆ. ನೀವು ಯಾರಿಗೇ ಉತ್ತರ ಬರೆದರೂ ಆ ವಿಳಾಸ ತಾನಾಗಿ ಆ ಪುಸ್ತಕಕ್ಕೆ ಸೇರುತ್ತದೆ. ‘ದಯವಿಟ್ಟು ಇನ್ನು ಮುಂದೆ ಕಳಿಸಬೇಡಿ’ ಎಂದು ಜಾಹೀರಾತಿನವನಿಗೆ ಮರ್ಯಾದೆಯಿಂದ ಬರೆದರೆ, ಅದೇ ಮರ್ಯಾದೆ ಅವನಿಗೆ ಕಾಯಂ ಪಾಸ್ ಆಗಿಬಿಡುತ್ತದೆ.

ಇಲಾಖೆಗಳ ವಿಳಾಸವನ್ನು ವಿಳಾಸ ಪುಸ್ತಕಕ್ಕೆ ಸೇರಿಸಬೇಕೇ ಎಂಬ ವಿಷಯದಲ್ಲಿ ನನ್ನ ನಿಲುವು ಕೆಲವು ಸಹೋದ್ಯೋಗಿಗಳಿಗೆ ಒಪ್ಪಿಗೆಯಿಲ್ಲ. ಸೇರಿಸಿಬಿಟ್ಟರೆ ನೋಟಿಸ್ ತಪ್ಪುವ ಭಯವಿಲ್ಲ ಎಂದು ಅವರು ಹೇಳುತ್ತಾರೆ. ಆದರೆ ಈ ವಿನಾಯಿತಿ ನೋಡುವುದು ‘ಕಳಿಸಿದವರು’ ಎಂಬ ಸಾಲನ್ನು ಮಾತ್ರ, ಮತ್ತು ಆ ಸಾಲಿನಲ್ಲಿ ಯಾರ ವಿಳಾಸವನ್ನು ಯಾರು ಬೇಕಾದರೂ ಬರೆಯಬಹುದು. ಮೇಲ್ ನಿಜವಾಗಿ ಆ ಡೊಮೇನ್‌ನಿಂದಲೇ ಹೊರಟಿತೇ ಎಂದು ಪರಿಶೀಲಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಏರ್ಪಾಡುಗಳಿವೆ ನಿಜ, ದೊಡ್ಡ ಪ್ರಮಾಣದಲ್ಲಿ ಮೇಲ್ ಕಳಿಸುವವರಿಗೆ ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಅವನ್ನು ಕಡ್ಡಾಯವನ್ನೂ ಮಾಡಿವೆ. ಆದರೆ ಆ ಪರಿಶೀಲನೆ ನಡೆಯಬೇಕಾದದ್ದು ಸರ್ವರ್‌ನಲ್ಲಿ. ನಿಮ್ಮ ಸರ್ವರ್ ಅದನ್ನು ಸಡಿಲವಾಗಿ ಮಾಡುತ್ತಿದ್ದರೆ, ವಿಳಾಸ ಪುಸ್ತಕದಲ್ಲಿ ಇಲಾಖೆಯ ಹೆಸರಿಟ್ಟದ್ದು ನಕಲಿ ಮೇಲ್‌ಗೂ ಬಾಗಿಲು ತೆರೆದಿಟ್ಟಂತೆಯೇ. ಆದ್ದರಿಂದ ಕಕ್ಷಿದಾರರನ್ನೂ ಝೆರಾಕ್ಸ್ ಅಂಗಡಿಗಳನ್ನೂ ಪುಸ್ತಕಕ್ಕೆ ಸೇರಿಸಿ, ಇಲಾಖೆಯ ಮೇಲ್‌ಗಳನ್ನು ಫಿಲ್ಟರ್‌ನ ಕಲಿಕೆಗೇ ಬಿಟ್ಟಿದ್ದೇನೆ.

ಅದೇ ಪುಟದಲ್ಲಿ ಹಳೆಯ ಜಂಕನ್ನು ತಾನಾಗಿ ಅಳಿಸುವ ಆಯ್ಕೆಯಿದೆ, ಅದರಲ್ಲಿ ಮೊದಲೇ ತುಂಬಿರುವ ಸಂಖ್ಯೆ 14 ದಿನ. ನಮ್ಮ ಕಸುಬಿನವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 139(9)ನೇ ಕಲಂ ಅಡಿ ರಿಟರ್ನ್ ದೋಷಪೂರಿತವೆಂದು ನೋಟಿಸ್ ಬಂದರೆ ಸರಿಪಡಿಸಲು ಕೊಡುವ ಅವಧಿ 15 ದಿನ. ಆ ನೋಟಿಸ್ ತಪ್ಪಿ ಜಂಕ್‌ಗೆ ಬಿದ್ದಿದ್ದರೆ, ಗಡುವು ಮುಗಿಯುವ ಹಿಂದಿನ ದಿನವೇ ಅದು ಕುರುಹಿಲ್ಲದೆ ಅಳಿಸಿಹೋಗಿರುತ್ತದೆ. ಪೋರ್ಟಲ್‌ನಲ್ಲಿ ಅದರ ಪ್ರತಿ ಇರುತ್ತದೆ ಎನ್ನುವುದು ಸರಿಯಾದರೂ, ಎಲ್ಲ ಕಕ್ಷಿದಾರರ ಲಾಗಿನ್‌ಗಳನ್ನು ದಿನವೂ ತೆರೆದು ನೋಡುವುದು ಯಾವ ಕಚೇರಿಯಿಂದಲೂ ಆಗದ ಮಾತು. ನಾವು ಈ ಆಯ್ಕೆಯನ್ನು ತೆಗೆದಿಟ್ಟಿದ್ದೇವೆ. ಜಂಕ್ ಎಂದು ಗುರುತಾದವನ್ನು ಓದಿದಂತೆ ತೋರಿಸುವ ಇನ್ನೊಂದು ಆಯ್ಕೆ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ ಪುಟದಲ್ಲಿದೆ, ಅದನ್ನೂ ತೆಗೆದಿದ್ದೇವೆ. ಫೋಲ್ಡರ್‌ನ ಪಕ್ಕದಲ್ಲಿ ಓದದ ಮೇಲ್‌ಗಳ ಸಂಖ್ಯೆ ಕಾಣುತ್ತಿದ್ದರೆ ತಾನೇ ಯಾರಾದರೂ ಒಳಗೆ ಇಣುಕುವುದು? ‘ಸಾರ್, ಇನ್‌ಕಮ್ ಟ್ಯಾಕ್ಸ್‌ನೋರದ್ದು ಒಂದು ಜಂಕ್‌ಗೆ ಹೋಗೈತೆ ನೋಡಿ’ ಎಂದು ನಮ್ಮ ಸಹಾಯಕ ಹುಡುಗ ಕೂಗಿ ಹೇಳುವುದು ಈಗಲೂ ಒಮ್ಮೊಮ್ಮೆ ಉಂಟು, ಅದು ಸಾಧ್ಯವಾಗಿರುವುದು ಆ ಸಂಖ್ಯೆಯಿಂದ.

ನನಗೆ ಅತ್ಯಂತ ಉಪಯೋಗಕ್ಕೆ ಬಂದ ಹೊಂದಾಣಿಕೆ ಮಾತ್ರ ಜಂಕ್ ಪುಟದಲ್ಲಿಲ್ಲ, ಮೆಸೇಜ್ ಫಿಲ್ಟರ್ಸ್‌ನಲ್ಲಿದೆ. ಅಲ್ಲಿ ಹೊಸ ನಿಯಮ ಬರೆಯುವಾಗ ಅದು ಜಂಕ್ ವಿಂಗಡಣೆಗೆ ಮೊದಲು ನಡೆಯಬೇಕೋ ಆಮೇಲೆ ನಡೆಯಬೇಕೋ ಎಂದು ಆರಿಸಿಕೊಳ್ಳಬಹುದು. ‘ಆಮೇಲೆ’ ಎಂದು ಆರಿಸಿದರೆ, ಫಿಲ್ಟರ್ ಹಾಕಿದ ಅಂಕವನ್ನೇ ಷರತ್ತಾಗಿ ಬಳಸಲು ಬರುತ್ತದೆ. ಅಂಕ 50ಕ್ಕಿಂತ ಹೆಚ್ಚು, 90ಕ್ಕಿಂತ ಕಡಿಮೆ ಇರುವ ಮೇಲ್‌ಗಳನ್ನು ‘ಅನುಮಾನ’ ಎಂಬ ಫೋಲ್ಡರ್‌ಗೆ ಸಾಗಿಸುವ ನಿಯಮ ಬರೆದಿದ್ದೇನೆ. ಹುಡುಗ ಬೆಳಿಗ್ಗೆ ಬಂದ ಕೂಡಲೇ ತೆರೆಯಬೇಕಾದದ್ದು ಆ ಫೋಲ್ಡರ್, ಅಲ್ಲಿರುವ ಪ್ರತಿಯೊಂದಕ್ಕೂ ‘ಜೆ’ ಅಥವಾ ‘ಶಿಫ್ಟ್-ಜೆ’ ಒತ್ತಿಯೇ ಮುಂದಕ್ಕೆ ಹೋಗಬೇಕೆಂಬುದು ಕಚೇರಿಯ ಕಟ್ಟಳೆ. ಫಿಲ್ಟರ್‌ಗೆ ನಿಜವಾಗಿಯೂ ಗೊಂದಲವಿರುವ ಮೇಲ್‌ಗಳನ್ನೇ ಆರಿಸಿ ಕಲಿಸಿದಂತಾಗುವುದರಿಂದ, ಆ ಕೆಲವೇ ನಿಮಿಷಗಳ ಕೆಲಸದ ಫಲ ದೊಡ್ಡದು.

ಸರ್ವರ್ ಹಾಕುವ ಗುರುತನ್ನು ನಂಬಬೇಕೇ ಎಂದೂ ಒಂದು ಆಯ್ಕೆಯಿದೆ. ಸ್ಪ್ಯಾಮ್‌ಅಸ್ಯಾಸಿನ್‌ನಂಥ ತಂತ್ರಾಂಶ ಸರ್ವರ್‌ನಲ್ಲೇ ಅಂಕ ಹಾಕಿ, ಸಾಮಾನ್ಯವಾಗಿ 5 ದಾಟಿದವುಗಳಿಗೆ ಸ್ಪ್ಯಾಮ್ ಎಂಬ ಮುದ್ರೆ ಒತ್ತಿ ಕಳಿಸುತ್ತದೆ. ನಮ್ಮ ಕಚೇರಿಯ ಡೊಮೇನನ್ನು ನೋಡಿಕೊಳ್ಳುವ ಸಂಸ್ಥೆಯವರು ಈ ಮುದ್ರೆಯನ್ನು ತೀರಾ ಧಾರಾಳವಾಗಿ ಒತ್ತುತ್ತಾರೆ, ಖಾಲಿ ವಿಷಯದ ಸ್ಕ್ಯಾನ್‌ಗಳೇ ಅದಕ್ಕೆ ಮೊದಲ ಬಲಿ. ಆದ್ದರಿಂದ ನಂಬಿಕೆಯ ಚೌಕವನ್ನು ಖಾಲಿ ಬಿಟ್ಟಿದ್ದೇನೆ. ಜಿಮೇಲ್ ಖಾತೆಯೊಂದನ್ನೂ ಇದೇ ತಂತ್ರಾಂಶದಲ್ಲಿ ತೆರೆದಿರುವೆನಾದರೂ, ಗೂಗಲ್‌ನ ವಿಂಗಡಣೆಯೇ ಸಾಕಷ್ಟು ಚೆನ್ನಾಗಿರುವುದರಿಂದ ಅಲ್ಲಿ ಈ ಫಿಲ್ಟರನ್ನು ಜಾರಿ ಮಾಡಿಲ್ಲ.

ದೂರುಗಳೂ ಇವೆ. ಒಂದು ಮೇಲ್ ಏಕೆ ಜಂಕ್ ಆಯಿತೆಂದು ಈ ಫಿಲ್ಟರ್ ಎಂದೂ ಕಾರಣ ಹೇಳುವುದಿಲ್ಲ. ದಾಖಲೆ ಇಡುವ ಆಯ್ಕೆಯನ್ನು ಜಾರಿ ಮಾಡಿದರೆ ಯಾರ ಮೇಲ್, ಯಾವ ವಿಷಯ, ಯಾವಾಗ ಎಂಬಷ್ಟು ಸಿಗುತ್ತದೆ, ಯಾವ ಪದ ಅದನ್ನು ಕೆಡಿಸಿತು ಎಂಬುದು ಸಿಗುವುದಿಲ್ಲ. ಕಲಿತದ್ದೆಲ್ಲ ಆ ಕಂಪ್ಯೂಟರಿನ ಪ್ರೊಫೈಲ್ ಫೋಲ್ಡರ್‌ನ (ಥಂಡರ್‌ಬರ್ಡ್ ತನ್ನ ಖಾತೆ, ಹೊಂದಾಣಿಕೆಗಳನ್ನೆಲ್ಲ ಇಟ್ಟುಕೊಳ್ಳುವ ಜಾಗ) ‘ಟ್ರೈನಿಂಗ್ ಡಾಟ್ ಡ್ಯಾಟ್’ ಎಂಬ ಒಂದೇ ಕಡತದಲ್ಲಿರುತ್ತದೆ. ಪಕ್ಕದ ಮೇಜಿನ ಕಂಪ್ಯೂಟರ್ ಅದೇ ಖಾತೆಯನ್ನು ತೆರೆದಿದ್ದರೂ ಇದರ ಕಲಿಕೆ ಅದಕ್ಕೆ ದಾಟುವುದಿಲ್ಲ, ಥಂಡರ್‌ಬರ್ಡ್ ಮುಚ್ಚಿ ಕಡತವನ್ನು ಕೈಯಾರೆ ನಕಲು ಮಾಡಬೇಕು. ಒಂದೇ ಪ್ರೊಫೈಲ್‌ನಲ್ಲಿರುವ ಎಲ್ಲ ಖಾತೆಗಳಿಗೂ ಇದೇ ಕಲಿಕೆ ಅನ್ವಯಿಸುವುದರಿಂದ, ಮನೆಯ ಖಾತೆಯನ್ನು ಕಚೇರಿಯದರ ಜೊತೆ ಬೆರೆಸದಿರುವುದು ಮೇಲು. 2023ರ ಜುಲೈನಲ್ಲಿ ಬಂದ 115ನೇ ಆವೃತ್ತಿಯಲ್ಲಿ ಮುಖಚಹರೆ ಪೂರಾ ಬದಲಾಗಿ ಕೆಲವು ದಿನ ಮೆನುಗಳನ್ನು ಹುಡುಕಾಡಿದ್ದಾಯಿತು, ಫಿಲ್ಟರ್‌ನ ಕೆಲಸಕ್ಕೇನೂ ಧಕ್ಕೆ ಬರಲಿಲ್ಲ.

‘ಇದು ವಂಚನೆಯ ಮೇಲ್ ಇರಬಹುದು’ ಎಂದು ಮೇಲ್‌ನ ನೆತ್ತಿಯಲ್ಲಿ ಕಾಣುವ ಎಚ್ಚರಿಕೆ ಈ ಫಿಲ್ಟರ್‌ನದಲ್ಲ. ಕಾಣುವ ಕೊಂಡಿ ಒಂದು, ಒಳಗಿನ ವಿಳಾಸ ಇನ್ನೊಂದು ಆಗಿರುವಂಥ ಲಕ್ಷಣಗಳನ್ನು ನೋಡಿ ಹೇಳುವ ಬೇರೆಯದೇ ಏರ್ಪಾಡು ಅದು. ನಿರುಪದ್ರವಿ ಸುದ್ದಿಪತ್ರಗಳಿಗೂ ಅದು ಕೂಗೆಬ್ಬಿಸುತ್ತದೆ, ಆದರೂ ತೆಗೆಯಬೇಡಿ.

ಕೊನೆಯ ತೊಡಕು ಫೋನಿನದು. ಈ ಫಿಲ್ಟರ್ ದುಡಿಯುವುದು ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ತೆರೆದಿರುವಾಗ ಮಾತ್ರ. 2024ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್‌ಗೆಂದು ಥಂಡರ್‌ಬರ್ಡ್ ಬಂದಾಗ ಈ ಕಲಿಕೆಯ ಫಿಲ್ಟರ್ ಅದರೊಳಗೆ ಬರಲಿಲ್ಲ. ಕಚೇರಿ ಮುಚ್ಚಿದ ಭಾನುವಾರ ಅಷ್ಟೂ ಕಸ ಫೋನಿಗೆ ಬಂದು ಸದ್ದು ಮಾಡುತ್ತದೆ. ಇದಕ್ಕೆ ನಾನು ಕಂಡುಕೊಂಡಿರುವ ಉಪಾಯ, ಜುಲೈನಂಥ ರಿಟರ್ನ್ ತಿಂಗಳುಗಳಲ್ಲಿ ಮತ್ತು ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್‌ನ ಗಡುವಾದ 20ನೇ ತಾರೀಖಿನ ಆಸುಪಾಸಿನಲ್ಲಿ ಕಚೇರಿಯ ಒಂದು ಕಂಪ್ಯೂಟರನ್ನು ರಾತ್ರಿಯೂ ಚಾಲೂ ಇಡುವುದು. ಅದು ಸರ್ವರ್‌ನಲ್ಲಿರುವ ಜಂಕನ್ನು ಆಗಾಗ ಬೇರೆ ಫೋಲ್ಡರ್‌ಗೆ ಸಾಗಿಸುತ್ತಿರುವುದರಿಂದ ಫೋನಿನ ಇನ್‌ಬಾಕ್ಸ್ ಕೂಡ ಹಸನಾಗಿರುತ್ತದೆ. ಕರೆಂಟು ಹೋಗಿ ಯುಪಿಎಸ್ ಕೈಬಿಟ್ಟ ರಾತ್ರಿಗಳಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ.